ರಾಯಭಾರಿ ಊಲ್‌ನ ತಲೆ

ಲಯನೆಲ್ ಟ್ಯಾಪ್‌ಸ್ಕಾಟ್ ಆ ದೊಡ್ಡ ದುಂಡು ಪೆಟ್ಟಿಗೆಯನ್ನು ತಂದು ನಮ್ಮ ತಿಂಡಿಯ ಮೇಜಿನ ಮೇಲೆ, ಟೋಸ್ಟಿನ ತಟ್ಟೆಗೂ ಚಹಾದ ಕೆಟಲಿಗೂ ನಡುವೆ, ಕುಕ್ಕಿದ. ಮುಚ್ಚಳ ತೆಗೆದು ತೋರಿಸಿದ. ಒಳಗೆ ಏನೂ ಇರಲಿಲ್ಲ.

"ತಲೆ ಹೋಯ್ತು," ಎಂದ.

"ಹೋಯ್ತು ಅಂದ್ರೆ?" ಎಂದು ಬರ್ನಾರ್ಡ್ ಕ್ವಿಲಿಯಂ ಚಮಚ ಕೆಳಗಿಟ್ಟ. "ಅದಕ್ಕೇನು ಕಾಲು ಬಂತಾ? ಎಂಟು ಗಂಟೆಗೆ ನಾನೇ ಕಣ್ಣಾರೆ ನೋಡಿ ಕೋಣೆಗೆ ಬೀಗ ಹಾಕಿದ್ದೀನಿ."

"ಬೀಗ ಹಾಕಿದಂಗೇ ಇತ್ತು. ನಾನೇ ಕೀಲಿ ಇಸ್ಕೊಂಡು ತೆಗೆದೆ."

ಮಿಸ್ ಆಸ್ಕ್ಯೂ ತಮ್ಮ ಟೋಸ್ಟಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸದೆ ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿದರು. "ಒಳಗಿದ್ದ ಫ್ಲಾನೆಲ್ ಬಟ್ಟೆ ಎಲ್ಲಿ?" ಎಂದು ಕೇಳಿದರು. ತಲೆ ಹೋಗಿರುವಾಗ ಬಟ್ಟೆ ಕಟ್ಟಿಕೊಂಡು ಏನಾಗಬೇಕು ಎಂದು ನನಗೆ ಸಿಟ್ಟೇ ಬಂತು. ಬೆಳಿಗ್ಗೆಯಿಂದ ಸಿಟ್ಟು ಬರಿಸುವ ಸಂಗತಿಗಳಿಗೇನೂ ಕೊರತೆ ಇರಲಿಲ್ಲ.

ಅದು 1991ರ ಮಾರ್ಚ್. 'ಒಂಬತ್ತನೇ ಕಕ್ಷೆ' ಧಾರಾವಾಹಿಯ ಅಭಿಮಾನಿಗಳು ವರ್ಷಕ್ಕೊಮ್ಮೆ ಸೇರುವ ಸಭೆಗೆಂದು ನಾವು ಸ್ಕಾರ್ಬರೊದ ಆ ಹೋಟೆಲಿಗೆ ಬಂದಿದ್ದೆವು. ಲಿಫ್ಟ್ ಕೆಟ್ಟಿತ್ತು. ಮೊಟ್ಟೆ ಬೆಂದಿರಲಿಲ್ಲ. ಮೆಟ್ಟಿಲ ತುಂಬ ಬೆಳ್ಳಿ ಬಣ್ಣದ ಬೂಟು ಹಾಕಿಕೊಂಡ ದೊಡ್ಡ ದೊಡ್ಡ ಗಂಡಸರು ಕೂತು ಯಾವ ಸಂಚಿಕೆಯಲ್ಲಿ ಯಾವ ನೌಕೆ ಸಿಡಿಯಿತು ಎಂದು ಜಗಳವಾಡುತ್ತಿದ್ದರು.

ಮಿಸ್ ವಿನಿಫ್ರೆಡ್ ಆಸ್ಕ್ಯೂ ಮೂವತ್ತೊಂದು ವರ್ಷ ಟೆಲಿವಿಷನ್ನಿನಲ್ಲಿ, ಈ ಧಾರಾವಾಹಿಗೂ ಸೇರಿ, ಕಂಟಿನ್ಯೂಟಿ ನೋಡಿಕೊಂಡವರು. ಒಂದು ದೃಶ್ಯದಲ್ಲಿ ಅರ್ಧ ಖಾಲಿಯಾದ ಲೋಟ ಮುಂದಿನ ದೃಶ್ಯದಲ್ಲಿ ತಾನಾಗಿ ತುಂಬಿಕೊಳ್ಳದಂತೆ ಕಾಯುವುದೇ ಅವರ ಕೆಲಸ. ಅವರ ಟಿಪ್ಪಣಿಗಳನ್ನು ಟೈಪ್ ಮಾಡುತ್ತಿದ್ದವಳು ನಾನು, ಡಿಲಿಸ್. ಕೆಲಸದಿಂದ ನಿವೃತ್ತರಾದರೂ ಅವರ ಕಣ್ಣು ನಿವೃತ್ತವಾಗಲಿಲ್ಲ. ಪೊಲೀಸರು ಕೈಚೆಲ್ಲಿದ ನಾಲ್ಕು ಪ್ರಕರಣಗಳನ್ನು ಅವರು ಬಿಡಿಸಿದ್ದರು. ನಾಲ್ಕೂ ಸಲ ನಾನು ಮೂರು ಮಕ್ಕಳನ್ನು ಗಂಡನಿಗೆ ಒಪ್ಪಿಸಿ, ಅವರ ಚೀಲ ಹೊತ್ತು ಹಿಂದೆ ಹೋಗಿದ್ದೆ.

ಬರ್ನಾರ್ಡ್ ಆರಡಿ ನಾಲ್ಕಂಗುಲದ ಆಳು. ಐಲ್ ಆಫ್ ಮ್ಯಾನ್‌ನ ಮೀನುಗಾರರ ಮನೆಯವನು. ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ ಹನ್ನೊಂದು ವರ್ಷ ಈಟಿ ಹಿಡಿದು ರಾಜರ ಹಿಂದೆ ನಿಂತಿದ್ದ. 1973ರಲ್ಲಿ ಎತ್ತರವೊಂದೇ ಕಾರಣವಾಗಿ, ಬೇರೆ ಗ್ರಹದಿಂದ ಬರುವ ರಾಯಭಾರಿ ಊಲ್‌ನ ಪಾತ್ರ ಸಿಕ್ಕಿತು. ಮೂರು ಕೊಂಬಿನ, ಬಾಯಿಯಿಲ್ಲದ ನೀಲಿ ರಬ್ಬರ್ ತಲೆ. ಆರು ವಾರದ ಕೆಲಸ ಹನ್ನೊಂದು ವರ್ಷ ನಡೆಯಿತು. ದೇಶದ ಮಕ್ಕಳೆಲ್ಲ ಹಣೆಗೆ ಕೊಂಬಿನಂತೆ ಕ್ಯಾರೆಟ್ ಕಟ್ಟಿಕೊಂಡು ಊಲ್ ಆದರು. ಬರ್ನಾರ್ಡನ ಸ್ವಂತ ಮುಖವನ್ನು ಗುರುತು ಹಿಡಿಯುತ್ತಿದ್ದವನು ಮಾತ್ರ ಅವನ ಬೀದಿಯ ಹಾಲಿನವನೊಬ್ಬನೇ. ಧಾರಾವಾಹಿ ನಿಂತ ಮೇಲೆ ಸಿಕ್ಕಿದ್ದು ಎರಡು ಪಾತ್ರ. ಅದರಲ್ಲಿ ಒಂದು ಹೆಣದ್ದು. ಹಿಂದಿನ ಸಂಜೆ ಅಭಿಮಾನಿಯೊಬ್ಬ ಅವನನ್ನು ಹೋಟೆಲಿನವನೆಂದು ತಿಳಿದು ಕೈಗೆ ಕೋಟು ಕೊಟ್ಟು ಹೋಗಿದ್ದ.

ಈಗ ಧಾರಾವಾಹಿ ಮತ್ತೆ ಶುರುವಾಗುವುದಿತ್ತು. ಹೊಸ ನಿರ್ಮಾಪಕಿ ಮಿಸೆಸ್ ಗ್ಯಾಫ್ನಿ ಅಂದು ನಾಲ್ಕು ಗಂಟೆಗೆ ಹೋಟೆಲಿಗೇ ಬಂದು, ತಲೆ ಹಾಕಿಕೊಂಡ ಬರ್ನಾರ್ಡನನ್ನು ನೋಡಿ ತೀರ್ಮಾನಿಸುವವಳಿದ್ದಳು. ತಲೆ ಇಲ್ಲದಿದ್ದರೆ ಪಾತ್ರ ಕೀರನ್ ಸ್ಟ್ರಡ್ವಿಕ್‌ಗೆ. ಕೀರನ್‌ಗೆ ಇಪ್ಪತ್ತಾರು ವರ್ಷ, ಅಷ್ಟೇ ಎತ್ತರ; ನಕಲು ತಲೆ ಹಾಕಿಕೊಂಡು ಅಂಗಡಿಗಳ ಉದ್ಘಾಟನೆಗೆ ಹೋಗುತ್ತಿದ್ದ ಹುಡುಗ. ಆ ನಕಲು ಬರ್ನಾರ್ಡನ ಕಿವಿಯಿಂದ ಕೆಳಕ್ಕೆ ಇಳಿಯುತ್ತಿರಲಿಲ್ಲ.

"ಮಿಸ್ ಆಸ್ಕ್ಯೂ, ನಾಲ್ಕು ಗಂಟೆಯೊಳಗೆ ಹುಡುಕಿಕೊಡಿ," ಎಂದ ಬರ್ನಾರ್ಡ್. "ಅದಿಲ್ದೆ ನಾನು ಯಾರೂ ಅಲ್ಲ. ಕೋಟು ಹಿಡ್ಕೊಳ್ಳೋವ್ನು."

"ನೀನು ಎಂಟರಿಂದ ಇಲ್ಲೇ ಕೂತು ಮೊಟ್ಟೆಗೆ ಬೈತಾ ಇದ್ದೆ," ಎಂದರು ಮಿಸ್ ಆಸ್ಕ್ಯೂ. "ಅಷ್ಟರಲ್ಲಿ ಕೀಲಿ ಯಾರ್ಯಾರ ಕೈಗೆ ಹೋಯ್ತು?"

ಮೂವರ ಕೈಗೆ ಹೋಗಿತ್ತು. ಎಂಟೂಕಾಲಿಗೆ ಬರ್ನಾರ್ಡನ ಹೆಂಡತಿ ಐವಿ ಅವನ ಮಾತ್ರೆ ತರಲು ಹೋಗಿ ಹತ್ತು ನಿಮಿಷದಲ್ಲಿ ಬಂದಿದ್ದಳು. ಎಂಟೂವರೆಗೆ ಕೀರನ್ ಊಲ್‌ನ ನಿಲುವಂಗಿಯನ್ನು ಇಸ್ತ್ರಿಗೆ ಒಯ್ದಿದ್ದ. ಒಂಬತ್ತಕ್ಕೆ ಅಭಿಮಾನಿ ಸಂಘದ ಕಾರ್ಯದರ್ಶಿ ಲಯನೆಲ್ ಪೆಟ್ಟಿಗೆ ತರಲು ಹೋಗಿದ್ದ.

ನಾವು ಮೊದಲನೇ ಮಹಡಿಯ ಬರ್ನಾರ್ಡನ ಕೋಣೆಗೆ ಹೊರಟೆವು. ಬರ್ನಾರ್ಡ್ ನಡುವೆ ಎರಡು ಸಲ ನಿಂತ. "ಈ ದರಿದ್ರ ಮೆಟ್ಟಿಲು ಯಾವನು ಕಟ್ಟಿದ್ನೋ," ಎಂದು ಗೊಣಗಿದ. ಐವಿ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ, ಎರಡೂ ಕೈ ಸ್ವಲ್ಪ ಮುಂದೆ ಚಾಚಿಕೊಂಡೇ ಹತ್ತುತ್ತಿದ್ದಳು. ಅವಳ ಕಪ್ಪು ಸ್ವೆಟರಿನ ತೋಳಂಚಿಗೆ ಬಿಳಿ ಪುಡಿ ಮೆತ್ತಿತ್ತು. ಬನ್ನಿನ ಸಕ್ಕರೆಯಿರಬೇಕು ಎನ್ನುತ್ತ ನಾನು ಕೊಡವಿದೆ. ಎಲ್ಲರ ಬಟ್ಟೆ ಕೊಡವುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಕೋಣೆಯಲ್ಲಿ ಎರಡು ಮಂಚ, ನೀರು ಕಾಯಿಸುವ ಕೆಟಲ್, ಕಿಟಕಿಯ ಬಳಿ ಬಾಚಣಿಗೆ, ಮಾತ್ರೆ ಶೀಶೆ, ಒಂದು ಪುಟ್ಟ ಕಾರ್ನ್‌ಫ್ಲೋರ್ ಡಬ್ಬಿ.

"ಕಸ್ಟರ್ಡ್‌ಗೆ," ಎಂದಳು ಐವಿ, ನಾನು ಕೇಳದೆಯೇ. ನಾನೂ ಮನೆಯವರ ಹೊಟ್ಟೆಗೆಂದು ಏನೇನೋ ಹೊತ್ತು ತಿರುಗುವವಳು, ತಲೆಯಾಡಿಸಿದೆ.

ಮಿಸ್ ಆಸ್ಕ್ಯೂ ಕೀರನ್‌ನನ್ನು ಮೂರನೇ ಮಹಡಿಯ ಅವನ ಕೋಣೆಯಲ್ಲಿ ಮಾತಾಡಿಸಿದರು. ಅವನ ಮೇಜಿನ ಮೇಲೆ ಗುಲಾಬಿ ವಾಸನೆಯ ಟಾಲ್ಕಮ್ ಪೌಡರ್ ಡಬ್ಬಿಯಿತ್ತು.

"ಎಲ್ರೂ ನನ್ನೇ ನೋಡ್ತಿದ್ದಾರೆ," ಎಂದ ಅವನು. "ನನ್ ಹತ್ರ ನನ್ದೇ ತಲೆ ಇದೆ. ಮುದುಕನ ತಲೆ ನಂಗ್ಯಾಕ್ರೀ?"

"ಈ ಪೌಡರ್?"

"ರಬ್ಬರ್ ಒಳಗೆ ಪೌಡರ್ ಹಾಕ್ದೇ ಇದ್ರೆ ಚರ್ಮ ಕಿತ್ಕೊಂಡು ಬರುತ್ತೆ. ತೆಗೆದಿಡುವಾಗ್ಲೂ ಹಾಕ್ಬೇಕು, ಇಲ್ಲಾಂದ್ರೆ ರಬ್ಬರ್‌ಗೆ ರಬ್ಬರ್ ಅಂಟ್ಕೊಳ್ಳುತ್ತೆ. ಲಯನೆಲ್ ಪುಸ್ತಕದಲ್ಲೇ ಬರ್ದಿದ್ದಾನೆ."

ನಿಜ. ಲಯನೆಲ್‌ನ ಕೈಪಿಡಿಯ ಹನ್ನೆರಡನೇ ಪುಟದಲ್ಲಿ ಅದು ಇತ್ತು: ಮೂರು ಸಲ ಟಾಲ್ಕಮ್ ಪೌಡರ್ ಉದುರಿಸಬೇಕು. ಲಯನೆಲ್ ಅದನ್ನು ಹೆಮ್ಮೆಯಿಂದ ತೋರಿಸಿದ. ಆ ತಲೆಯನ್ನು ತನ್ನ ಗ್ಯಾರೇಜಿನ ಸಂಗ್ರಹಾಲಯಕ್ಕೆ ಕೊಡಿ ಎಂದು ಬರ್ನಾರ್ಡನಿಗೆ ಎಂಟು ವರ್ಷದಲ್ಲಿ ನಲವತ್ತು ಕಾಗದ ಬರೆದದ್ದನ್ನೂ ಅಷ್ಟೇ ಹೆಮ್ಮೆಯಿಂದ ಒಪ್ಪಿಕೊಂಡ.

"ಡಿಲಿಸ್, ನನ್ನ ಎಪ್ಪತ್ನಾಲ್ಕರ ನೋಟ್‌ಬುಕ್ ತಗೊಂಡು ಬಾ," ಎಂದರು ಮಿಸ್ ಆಸ್ಕ್ಯೂ. ಅಭಿಮಾನಿಗಳಿಗೆ ತೋರಿಸಲೆಂದು ಹದಿನಾಲ್ಕು ನೋಟ್‌ಬುಕ್‌ಗಳನ್ನು ತಂದಿದ್ದೆವು. ಅಂದರೆ ನಾನು ಹೊತ್ತಿದ್ದೆ. ಅವರು ತೆರೆದ ಪುಟದಲ್ಲಿ ನನ್ನದೇ ಟೈಪ್ ಅಕ್ಷರಗಳಿದ್ದವು: 'ಅಕ್ಟೋಬರ್ 9. ಕ್ವಿಲಿಯಂ, ತಲೆ ತೆಗೆದಾಗ ಕುತ್ತಿಗೆಯ ಎಡಕ್ಕೆ ಕೆಂಪು ದದ್ದು.' ಹತ್ತು, ಹನ್ನೊಂದನೇ ತಾರೀಕೂ ಹಾಗೇ. ಹದಿನಾಲ್ಕಕ್ಕೆ: 'ದದ್ದು ಇಲ್ಲ.' ಆಮೇಲೆ ಹತ್ತು ವರ್ಷ ಆ ಮಾತೇ ಇರಲಿಲ್ಲ.

"ಇದರಿಂದೇನು?" ಎಂದೆ.

"ಒಂದು ರಬ್ಬರ್ ತಲೇನ ಹಾಳಾಗದ ಹಾಗೆ ಬಚ್ಚಿಡ್ಬೇಕು ಅಂದ್ರೆ ನೀನು ಎಲ್ಲಿಡ್ತೀಯಾ?"

"ಕಳ್ಳರಿಗೆ ಹಾಳಾದ್ರೇನು?"

"ಈ ಕಳ್ಳರು ಫ್ಲಾನೆಲ್ ಬಟ್ಟೆ ಸಮೇತ ತಗೊಂಡಿದ್ದಾರಲ್ಲ. ತಣ್ಣಗಿರೋ, ಬೆಳಕು ಬೀಳದ ಜಾಗ ನೋಡು."

ಮೂರು ಮಹಡಿ ಹತ್ತಿಳಿದು ನನ್ನ ಮಂಡಿ ಶಾಪ ಹಾಕುವ ಹೊತ್ತಿಗೆ ಅದು ಸಿಕ್ಕಿತು. ಕೀರನ್‌ನ ಕೋಣೆಯ ಎದುರೇ ಹಾಸಿಗೆ ಬಟ್ಟೆ ಇಡುವ ಗೂಡು. ಒಳಗೆ ಒಂದು ಪಕ್ಕ ಬಿಸಿನೀರಿನ ಕೊಳವೆ ಹಾದಿತ್ತು. ಅದಕ್ಕೆ ತೀರ ದೂರದ ಮೂಲೆಯಲ್ಲಿ, ಮೇಲಿನ ಹಲಗೆಯ ಮೇಲೆ, ಫ್ಲಾನೆಲ್ ಸುತ್ತಿಕೊಂಡು, ಹೊಟ್ಟೆ ತುಂಬ ಸುದ್ದಿಪತ್ರಿಕೆ ತುರುಕಿಸಿಕೊಂಡು ರಾಯಭಾರಿ ಊಲ್ ಕೂತಿದ್ದ. ಒಳಗೆಲ್ಲ ಬಿಳಿ ಪುಡಿ. ನಾನು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದೆ. ಅದು ಕರಕರ ಅಂದಿತು. ಎಲ್ಲೋ ಕೇಳಿದ ಸದ್ದು ಅನ್ನಿಸಿತು. ಕೆಳಗಡೆಯಿಂದ ಯಾರೋ ಬೆಳ್ಳಿ ಬೂಟಿನವನು ಕೂಗಿದ್ದರಿಂದ ಮರೆತೆ.

ಮೂರು ಗಂಟೆಗೆ ಮಿಸ್ ಆಸ್ಕ್ಯೂ ಚಹಾ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದರು. ತಲೆಯನ್ನು ಮೇಜಿನ ಮೇಲಿಟ್ಟರು. ಬರ್ನಾರ್ಡ್ ಎದ್ದ. "ಇನ್ನೂ ಮುಗಿದಿಲ್ಲ, ಕೂತ್ಕೋ," ಎಂದರು.

"ಎಲ್ಲಿತ್ತು?" ಎಂದ ಲಯನೆಲ್.

"ಕೀರನ್ ಕೋಣೆ ಎದುರು."

"ನಾನು ಹೇಳ್ಲಿಲ್ವಾ," ಎಂದು ಲಯನೆಲ್ ತಿರುಗಿದ. ಕೀರನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಯಾರೂ ನನ್ನ ನಂಬಲ್ಲ ಬಿಡಿ," ಎಂದ.

"ನಾನು ನಂಬ್ತೀನಿ," ಎಂದರು ಮಿಸ್ ಆಸ್ಕ್ಯೂ. "ಈ ತಲೆ ಕದ್ದವರಿಗೆ ಇದು ಬೇಕಾಗಿರಲಿಲ್ಲ. ಬೇಕಾಗಿದ್ರೆ ಕಾರಿಗೆ ಸಾಗಿಸ್ತಿದ್ರು. ಹಾಳು ಮಾಡೋ ಮನಸ್ಸೂ ಇರಲಿಲ್ಲ. ಇದ್ದಿದ್ರೆ ಆ ಬಿಸಿ ಕೊಳವೆ ಪಕ್ಕ ಇಟ್ಟಿದ್ರೆ ಸಾಕಿತ್ತು. ಇವತ್ತು ನಾಲ್ಕು ಗಂಟೆಯ ಹೊತ್ತು ಕಳೀಬೇಕು, ಅಷ್ಟೇ ಅವರಿಗೆ ಬೇಕಾಗಿದ್ದು. ಆದ್ರೆ ಅವಸರದಲ್ಲಿ, ಯಾರಾದ್ರೂ ನೋಡ್ತಾರೇನೋ ಅನ್ನೋ ಭಯದಲ್ಲಿ, ಬೇಡದ ಕೆಲಸ ಒಂದು ಮಾಡಿದ್ರು. ತಲೆಗೆ ಪೌಡರ್ ಹಾಕಿಟ್ರು. ಯಾಕೆ? ಹಾಕದೆ ಇಡೋದು ಅವರ ಕೈಗೆ ಗೊತ್ತೇ ಇಲ್ಲ."

ಅವರು ಹೋಟೆಲಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಅಯೋಡಿನ್ ಶೀಶೆ ತೆಗೆದರು. ಒಂದು ತಟ್ಟೆಯಲ್ಲಿ ಕೀರನ್‌ನ ಪೌಡರ್, ಇನ್ನೊಂದರಲ್ಲಿ ಊಲ್‌ನ ತಲೆಯೊಳಗಿನ ಪುಡಿ. ಎರಡಕ್ಕೂ ಒಂದೊಂದು ತೊಟ್ಟು ಬಿಟ್ಟರು. ಕೀರನ್‌ನದು ಕಂದು ಬಣ್ಣದಲ್ಲೇ ಉಳಿಯಿತು. ಇನ್ನೊಂದು ಮಸಿಯಂತೆ ಕಡುನೀಲಿಯಾಯಿತು.

ಆಗ ನನಗೆ ಆ ಕರಕರ ಸದ್ದು ನೆನಪಾಯಿತು. ಹದಿನೈದು ವರ್ಷದಿಂದ ಪ್ರತಿ ಭಾನುವಾರ ಕಸ್ಟರ್ಡ್ ಮಾಡುವಾಗ ನಾನು ಕೇಳುತ್ತಿದ್ದ ಸದ್ದು. "ಕಾರ್ನ್‌ಫ್ಲೋರ್," ಎಂದೆ.

"ಹೌದು. ಅಯೋಡಿನ್ ಬಿದ್ರೆ ಹಿಟ್ಟು ನೀಲಿಯಾಗುತ್ತೆ, ಟಾಲ್ಕಮ್ ಆಗಲ್ಲ. ಕೀರನ್‌ಗೆ ಗೊತ್ತಿರೋದು ಟಾಲ್ಕಮ್ ಪೌಡರ್. ಲಯನೆಲ್ ಪುಸ್ತಕದಲ್ಲಿರೋದೂ ಅದೇ. ಎಪ್ಪತ್ನಾಲ್ಕರ ಅಕ್ಟೋಬರ್‌ನಲ್ಲಿ ಬರ್ನಾರ್ಡ್‌ಗೆ ಪೌಡರ್ ಒಗ್ಗದೆ ದದ್ದು ಎದ್ದಿತ್ತು. ಮೇಲಿನವರಿಗೆ ಗೊತ್ತಾಗಿದ್ರೆ ಮರುದಿನವೇ ಬೇರೆ ಎತ್ತರದವನನ್ನ ತರ್ತಿದ್ರು. ಐದೇ ದಿನದಲ್ಲಿ ದದ್ದು ಮಾಯವಾಯ್ತು. ಆಗ ತಲೆ ತೊಡಿಸ್ತಿದ್ದ ಉಡುಪು ವಿಭಾಗದ ಹುಡುಗಿ ಯಾರಿಗೂ ಹೇಳದೆ ಪೌಡರ್ ಬದಲು ಕಾರ್ನ್‌ಫ್ಲೋರ್ ಹಾಕೋಕೆ ಶುರು ಮಾಡಿದ್ದಳು. ಮುಂದಿನ ವರ್ಷ ಬರ್ನಾರ್ಡ್ ಅವಳನ್ನ ಮದುವೆಯಾದ."

ಯಾರೂ ಐವಿಯ ಕಡೆ ನೋಡಲಿಲ್ಲ. ಬರ್ನಾರ್ಡ್ ಮಾತ್ರ ನೋಡಿದ.

"ಗುಟ್ಟು ಗೊತ್ತಿದ್ದಿದ್ದು ಇಬ್ಬರಿಗೆ," ಎಂದು ಮಿಸ್ ಆಸ್ಕ್ಯೂ ಮುಂದುವರಿಸಿದರು. "ಬರ್ನಾರ್ಡ್ ಬೆಳಿಗ್ಗೆ ನಮ್ಮ ಕಣ್ಣೆದುರೇ ಇದ್ದ. ಒಂದು ಮಹಡಿ ಹತ್ತೋಕೆ ಎರಡು ಸಲ ನಿಲ್ಲೋನು ಮೂರನೇದಕ್ಕೆ ಹೋಗಲ್ಲ. ಐವಿ ಮಾತ್ರೆ ತರೋಕೆ ಹತ್ತು ನಿಮಿಷ ತಗೊಂಡಳು. ಅವಳ ತೋಳಿನ ಮೇಲೆ ಬಿಳಿ ಪುಡಿ ಇತ್ತು. ತಿಂದಿದ್ದು ಮೀನು, ಮೇಜಿನ ಮೇಲೆ ಬನ್ನೇ ಇರಲಿಲ್ಲ. ಇನ್ನು ಆ ಕೋಣೇಲಿರೋ ಕೆಟಲ್‌ನಲ್ಲಿ ಯಾರೂ ಕಸ್ಟರ್ಡ್ ಮಾಡಲ್ಲ, ಐವಿ."

"ನೀನಾ?" ಎಂದ ಬರ್ನಾರ್ಡ್. "ಹದಿನೇಳು ವರ್ಷ ನೀನೇ ನಂಗೆ ಅದನ್ನ ತೊಡಿಸಿ, ಈಗ ನೀನೇನಾ?"

"ನಾನೇ," ಎಂದಳು ಐವಿ. ಅವಳ ದನಿಯಲ್ಲಿ ಅಳುವಿರಲಿಲ್ಲ, ಬೇಸತ್ತ ದನಿ. "ಹೋದ ವರ್ಷ ಕೊವೆಂಟ್ರಿ ಸಭೆಯಲ್ಲಿ ಪರದೆ ಹಿಂದೆ ಬಿದ್ದೆಯಲ್ಲ, ತಲೆ ಕಿತ್ತಿದ್ದು ಯಾರು? ತುಟಿ ಆ ರಬ್ಬರ್‌ಗಿಂತ ನೀಲಿ ಆಗಿತ್ತು. ಮುಖ ಮುಚ್ಚಬಾರದು, ಹೃದಯ ತಡೆಯಲ್ಲ ಅಂತ ಡಾಕ್ಟರ್ ಬರ್ಕೊಟ್ರು. ನೀನು ಆ ಕಾಗದ ಹರಿದು ಒಲೆಗೆ ಹಾಕ್ದೆ. ಹೇಳಿ ಹೇಳಿ ನನ್ನ ಬಾಯಿ ಒಣಗಿತು. ನೀನು ಕೇಳಿದ್ದು ಯಾವಾಗ?"

"ಅದಿಲ್ದೆ ನಾನು ಯಾರೂ ಅಲ್ಲ ಕಣೇ."

"ಗೊತ್ತು. ದಿನಾ ಹೇಳ್ತೀಯ. ಹಂಗಾದ್ರೆ ನಾನು ಮದುವೆಯಾಗಿದ್ದು ಯಾರನ್ನ? ಮನೇಲಿ ನನ್ನೆದುರು ಕೂತು ಮೊಟ್ಟೆಗೆ ಬೈಯೋದು ಯಾರು, ರಾಯಭಾರಿನಾ?"

ಬರ್ನಾರ್ಡ್ ಗೋಡೆಯತ್ತ ತಿರುಗಿದ. ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು. ಬೇಕಾಗಿದ್ದರೆ ಅವನು ಆಗಲೂ ತಲೆ ಹಾಕಿಕೊಳ್ಳಬಹುದಿತ್ತು; ತಡೆಯುವವರು ಯಾರೂ ಇರಲಿಲ್ಲ. ಅವನು ಅದನ್ನು ಎತ್ತಿಕೊಂಡ. ಐವಿ ಕಣ್ಣು ಮುಚ್ಚಿದಳು.

ಅವನು ಕೀರನ್‌ನ ಮುಂದೆ ಹೋಗಿ ನಿಂತ.

"ಗುಲಾಬಿ ಪೌಡರ್ ಎಸೆದುಬಿಡು," ಎಂದ. "ಬರೀ ಕಾರ್ನ್‌ಫ್ಲೋರ್. ಎಡಗಡೆ ಕೊಂಬಿನ ಕೆಳಗೆ ಉಸಿರಿಗೆ ತೂತಿದೆ, ಮೂಗನ್ನ ಅಲ್ಲಿಗೆ ತಿರುಗಿಸ್ಕೋ. ತಲೆ ಜಾಸ್ತಿ ಅಲ್ಲಾಡಿಸ್ಬೇಡ. ನಿನ್ನ ನೋಡಿದ್ದೀನಿ, ಕೋಳಿ ಥರ ಕುತ್ತಿಗೆ ಹಾಕ್ತೀಯ. ಊಲ್ ರಾಯಭಾರಿ ಕಣಯ್ಯಾ, ಕೋಳಿಯಲ್ಲ."

ಕೀರನ್ ಎರಡೂ ಕೈ ಚಾಚಿ ತೆಗೆದುಕೊಂಡ. "ನಂಗೆ ಸಡಿಲ ಆಗುತ್ತೇನೋ, ಸರ್," ಎಂದ. ಬರ್ನಾರ್ಡನನ್ನು ಅವನು ಸರ್ ಎಂದದ್ದು ಅದೇ ಮೊದಲು.

"ಹಿಂದುಗಡೆ ಒಂದು ಕಾಲ್ಚೀಲ ತುರುಕು," ಎಂದಳು ಐವಿ, ಕಣ್ಣು ತೆರೆಯುತ್ತ.

ನಾಲ್ಕು ಗಂಟೆಗೆ ಮಿಸೆಸ್ ಗ್ಯಾಫ್ನಿ ಬಂದಳು. ಸಭಾಂಗಣದಲ್ಲಿ ಊಲ್ ಮೆಟ್ಟಿಲಿಳಿದು ಬಂದಾಗ ಬೆಳ್ಳಿ ಬೂಟುಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದವು. ಬಾಗಿಲ ಬಳಿ ಅಡ್ಡವಾಗಿ ನಿಂತಿದ್ದ ಬರ್ನಾರ್ಡನಿಗೆ ಹೆಂಗಸೊಬ್ಬಳು, "ಸ್ವಲ್ಪ ಸರೀರಿ, ಊಲ್ ಕಾಣಿಸ್ತಿಲ್ಲ," ಎಂದಳು. ಅವನು ಸರಿದ.

"ಇನ್ನೂ ಕುತ್ತಿಗೆ ಹಾಕ್ತಾನೆ ನೋಡು," ಎಂದು ನಮ್ಮ ಮೇಜಿಗೆ ಬಂದು ಕುಕ್ಕರಿಸಿದ.

"ಸುಮ್ನೆ ಚಹಾ ಕುಡಿ," ಎಂದಳು ಐವಿ. ಅಭ್ಯಾಸದಂತೆ ಕಪ್ಪಿಗೆ ಸ್ಟ್ರಾ ಹಾಕಿಬಿಟ್ಟಿದ್ದಳು. ಹದಿನೇಳು ವರ್ಷ ಇಂಥ ಸಭೆಗಳಲ್ಲಿ ಅವನು ತಲೆಯ ಸಂದಿನಿಂದ ಸ್ಟ್ರಾದಲ್ಲೇ, ಆರಿದ ಚಹಾ ಹೀರಿದ್ದವನು. ಅವಳು ಸ್ಟ್ರಾ ತೆಗೆದು ಪಕ್ಕಕ್ಕಿಟ್ಟಳು.

ಬರ್ನಾರ್ಡ್ ಕಪ್ಪನ್ನು ತುಟಿಗಿಟ್ಟು ಒಂದು ಗುಟುಕು ಕುಡಿದು, ಮುಖ ಕಿವಿಚಿದ.

"ಸುಡ್ತಾ ಇದೆ," ಎಂದು ದೂರಿದ.