ಹದಿಮೂರು ವರ್ಷದ ನೀರು

“ಆ ತೊಟ್ಟಿ ಮುಟ್ಟಿದರೆ ಕೈ ಮುರೀತೀನಿ!”

“ಮುರೀರಿ. ಮುರಿಯೋಕಾದ್ರೂ ಒಂದು ಸಲ ಹಿಡೀತೀರಲ್ಲ.”

“ತಮಾಷೆ ಬೇಡ. ಎದ್ದು ಆಚೆ ನಡೀರಿ!”

ಅವನು ಏಳಲಿಲ್ಲ. ಹೊಸ ಡೆವಲಪರ್ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿಗೆ ಅಂಟಿಕೊಂಡಿದ್ದ. ಸ್ಟುಡಿಯೋಗಳಿಗೆ ಫಿಲಂ ತೊಳೆಯುವ ಪುಡಿ ಮಾರುವವನು. ಊರೆಲ್ಲ ಅವನನ್ನು ಪುಡಿಯಣ್ಣ ಅನ್ನುತ್ತಿತ್ತು. ಈ ಸ್ಟುಡಿಯೋ ನಡೆಸುವ ಅವಳೊಬ್ಬಳೇ ‘ಪುಡಿಯವರೇ’ ಅನ್ನುತ್ತಿದ್ದಳು. ಅಣ್ಣ ಅನ್ನೋಕೆ ನಾಲಿಗೆ ಏಳುತ್ತಿರಲಿಲ್ಲ. ಅದನ್ನು ಅವನೂ ಗಮನಿಸಿದ್ದ. ಅವನು ಗಮನಿಸಿದ್ದನ್ನು ಅವಳೂ ಗಮನಿಸಿದ್ದಳು.

ಜಗಳವೆಲ್ಲ ಡಾರ್ಕ್‌ರೂಮಿನ ಮೂಲೆಯ ಕಪ್ಪು ತೊಟ್ಟಿಯದು. ಹದಿಮೂರು ವರ್ಷದ ಹಿಂದೆ, ಸ್ಟುಡಿಯೋ ತೆರೆದ ವಾರ, ಅವಳ ಗಂಡ ಅದರಲ್ಲಿ ಡೆವಲಪರ್ ಕಲಸಿದ್ದ. ಆ ಬಗೆಯ ಡೆವಲಪರನ್ನು ಪೂರ್ತಿ ಚೆಲ್ಲುವುದಿಲ್ಲ. ಒಂದು ರೋಲ್ ತೊಳೆದರೆ ಒಂದು ಲೋಟ ಹಳೆಯದು ಚೆಲ್ಲಿ, ಒಂದು ಲೋಟ ಹೊಸದು ಸೇರಿಸುವುದು. ಗಂಡ ಸತ್ತು ಏಳು ವರ್ಷವಾದರೂ ತೊಟ್ಟಿ ಒಂದು ದಿನವೂ ಬರಿದಾಗಿರಲಿಲ್ಲ. ಅವನು ಕಲಸಿದ ಮೊದಲ ನೀರು ಹನಿಯಷ್ಟಾದರೂ ಅದರಲ್ಲಿ ಇದ್ದೇ ಇತ್ತು.

ಅವನೂ ಇದ್ದ.

ಆ ತೊಟ್ಟಿಯಲ್ಲಿ ತೊಳೆದ ಪ್ರತಿ ಫಿಲಮಿನಲ್ಲೂ, ಕೂತವರ ಬೆನ್ನ ಹಿಂದೆ ಒಬ್ಬ ನಿಂತಿರುತ್ತಿದ್ದ. ಗಿರಾಕಿಗಳು ಪರದೆಯ ಮಡಿಕೆ ಅಂದುಕೊಳ್ಳುತ್ತಿದ್ದರು. ಮಡಿಕೆಗೆ ಅವಳ ಗಂಡನ ಹಾಗೆ ಎಡಭುಜ ಇಳಿದಿರುತ್ತದೆಯೇ? ಅದೇ ಕ್ಯಾಮೆರಾದ ಫಿಲಂ ಬೇರೆ ಕಡೆ ತೊಳೆಸಿದರೆ ಏನೂ ಇರುತ್ತಿರಲಿಲ್ಲ. ಅವಳನ್ನು ಬಿಟ್ಟರೆ ಇದನ್ನು ಕಂಡವನು ಪುಡಿಯವನೊಬ್ಬನೇ. ಹೆದರಿ ಓಡಿರಲಿಲ್ಲ. ಅವತ್ತಿನಿಂದ ಒಳಗೆ ಬರುವಾಗ ಚಪ್ಪಲಿ ಹೊರಗೆ ಬಿಡುತ್ತಿದ್ದ, ಅಷ್ಟೇ.

ಮೊದಲ ಐದು ವರ್ಷ ಗಂಡ ಕದಲಿರಲಿಲ್ಲ. ಈಚೆಗೆ ಎರಡು ವರ್ಷದಿಂದ ರೋಲಿಗೆ ಬೆರಳಷ್ಟು ಬಾಗಿಲ ಕಡೆ ಸರಿಯುತ್ತಿದ್ದ. ಅವಳು ನೆಗೆಟಿವ್ ಹಿಡಿದು ಬೈಯುತ್ತಿದ್ದಳು: “ಎಲ್ಲಿಗ್ರೀ ಹೊರಟ್ರಿ? ಇಲ್ಲಿ ನಿಮಗೇನು ಕಡಿಮೆಯಾಗಿದೆ?”

“ಹೊಸ ಪುಡೀಲಿ ಚಿತ್ರ ಮೂಡಿಸೋ ಆ ಮೆಟಾಲ್ ಇಲ್ಲ,” ಅಂದ ಪುಡಿಯವನು. “ಕಂಪನಿ ಫಾರ್ಮುಲಾನೇ ಬದಲಾಯಿಸಿದೆ. ಹಳೆಯದಕ್ಕೆ ಸೇರಿಸಿದರೆ ಎರಡೂ ಕೆಡುತ್ತೆ. ತೊಟ್ಟಿ ಖಾಲಿ ಮಾಡಲೇಬೇಕು.”

“ಹಳೇ ಪೊಟ್ಟಣ ತನ್ನಿ. ಹೋದ ತಿಂಗಳು ತಂದಿರಲಿಲ್ವಾ?”

“ಅದು ಕಂಪನಿಯದಲ್ಲ.”

“ಮತ್ತೆ?”

“ಹಳೇ ಪುಡಿ ನಿಂತು ಎರಡು ವರ್ಷ ಆಯ್ತು. ಮೆಟಾಲು, ಸಲ್ಫೈಟು, ಬೋರಾಕ್ಸು ತಂದು ನಾನೇ ಮನೇಲಿ ತೂಗಿ, ಹಳೇ ಪೊಟ್ಟಣಕ್ಕೆ ತುಂಬಿ ಕೊಡ್ತಿದ್ದೆ. ಈಗ ಆ ಮೆಟಾಲ್ ಮಾಡೋ ಫ್ಯಾಕ್ಟರೀನೂ ಮುಚ್ಚಿದೆ.”

ಅವಳು ಅವನ ಕೈ ನೋಡಿದಳು. ಬೆರಳ ತುದಿಗಳೆಲ್ಲ ಸಿಪ್ಪೆ ಎದ್ದು ಬಿರಿದಿದ್ದವು. ಎರಡು ವರ್ಷದಿಂದ ಕೇಳಿದಾಗಲೆಲ್ಲ ‘ಸೋಪು ಆಗಿಬರಲ್ಲ’ ಅನ್ನುತ್ತಿದ್ದ. ಮೆಟಾಲ್ ಕೆಲವರ ಚರ್ಮ ತಿನ್ನುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೋಪ ಇನ್ನೂ ಏರಿತು.

“ಸುಳ್ಳುಗಾರ! ನನ್ನ ಗಂಡನ ತೊಟ್ಟಿಗೆ ನುಗ್ಗಿದಿರಾ?”

“ನುಗ್ಗಲಿಲ್ಲ. ಒಂದೊಂದೇ ಲೋಟ.”

ಅವಳು ಒಣಹಾಕಿದ ನೆಗೆಟಿವ್‌ಗಳ ಕಡೆ ತಿರುಗಿದಳು. ಎರಡು ವರ್ಷ. ಬಾಗಿಲ ಕಡೆ ಬೆರಳಷ್ಟು, ಬೆರಳಷ್ಟು.

“ಆ ಪರದೆ ಮುಂದೆ ಕೂತ್ಕೊಳ್ಳಿ,” ಅಂದಳು. “ಅವರನ್ನೇ ಕೇಳೋಣ.”

ಬೀದಿ ಬಾಗಿಲಿಗೆ ತಾನೇ ಚಿಲಕ ಹಾಕಿ ಬಂದಳು. ಪಕ್ಕದ ಕೋಣೆಯಲ್ಲಿ ಅತ್ತೆ ಹೊಲಿಗೆ ಬಿಚ್ಚುತ್ತಾ ಕೂತಿದ್ದರು. ಕ್ಯಾಮೆರಾಗೆ ಹನ್ನೆರಡು ಫ್ರೇಮಿನ ರೋಲ್ ಹಾಕಿದಳು.

“ಲೆನ್ಸ್ ನೋಡಿ. ನನ್ನನ್ನಲ್ಲ.”

“ಎರಡೂ ಒಂದೇ ಕಡೆ ಇವೆಯಲ್ಲ.”

“ಹಲ್ಲು ಬಿಡಬೇಡಿ.”

ಅವನು ಹಲ್ಲು ಮುಚ್ಚಿದ. ಕಣ್ಣು ನಗುತ್ತಲೇ ಇತ್ತು. ವ್ಯೂಫೈಂಡರಿನಲ್ಲಿ ಅವನ ಕಿವಿ ಕೆಂಪಾದದ್ದು ಕಂಡಿತು. ಈ ಕಪ್ಪು-ಬಿಳುಪು ಫಿಲಮಿಗೆ ಆ ಕೆಂಪು ಸಿಕ್ಕುವುದಿಲ್ಲವಲ್ಲ ಅಂತ ಅವಳಿಗೆ ಮೊದಲ ಸಲ ಬೇಸರವಾಯಿತು.

ಡಾರ್ಕ್‌ರೂಮಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲು. ಫಿಲಂ ತೊಟ್ಟಿಗೆ ಇಳಿಯಿತು. ಪುಡಿಯವನು ನಿಮಿಷ ಎಣಿಸುತ್ತಿದ್ದ. ಆರನೆಯ ನಿಮಿಷಕ್ಕೆ ಅವಳ ಹೆಗಲ ಮೇಲೆ ಒಂದು ಕೈ ಬಂದು ಕೂತಿತು, ತಣ್ಣಗೆ, ಒದ್ದೆಯಾಗಿ.

“ಪುಡಿಯವರೇ, ಕೈ.”

“ನನ್ನ ಎರಡು ಕೈಯಲ್ಲೂ ಫಿಕ್ಸರ್ ಡಬ್ಬ ಇದೆ,” ಅಂದ ಅವನು, ಕೋಣೆಯ ಆ ತುದಿಯಿಂದ.

ಅವಳು ಕಿರುಚಲಿಲ್ಲ. ಆ ಕೈಯ ತೂಕ ಅವಳಿಗೆ ಗೊತ್ತಿತ್ತು. ಫಿಲಮನ್ನು ಅಲ್ಲಾಡಿಸುತ್ತಲೇ ಇದ್ದಳು. ಒಂಬತ್ತನೆಯ ನಿಮಿಷಕ್ಕೆ ಅದು ತಾನೇ ಎದ್ದಿತು.

ಚಿತ್ರ ಗಟ್ಟಿ ಮಾಡುವ ಫಿಕ್ಸರಿನಲ್ಲಿ ಅದ್ದಿದ ಮೇಲೆ ದೀಪ ಹಾಕಿ, ಒದ್ದೆ ಫಿಲಮನ್ನು ಬೆಳಕಿಗೆ ಹಿಡಿದರು. ಮೊದಲ ಫ್ರೇಮಿನಲ್ಲಿ ಗಂಡ ಪುಡಿಯವನ ಹಿಂದೆ ನಿಂತು, ಅವನ ಭುಜದ ಮೇಲೆ ಕೈಯಿಟ್ಟಿದ್ದ. ಮೂರರಲ್ಲಿ ಕೈ ತೆಗೆದಿದ್ದ. ಏಳರಲ್ಲಿ ಪರದೆ ದಾಟಿದ್ದ. ಹನ್ನೊಂದರಲ್ಲಿ ಬಾಗಿಲ ಹತ್ತಿರ, ಬೆನ್ನು ಮಾತ್ರ. ಹನ್ನೆರಡರಲ್ಲಿ ಯಾರೂ ಇರಲಿಲ್ಲ. ಅವಳು ಚಿಲಕ ಹಾಕಿದ್ದ ಬೀದಿ ಬಾಗಿಲು ಅದರಲ್ಲಿ ತೆರೆದಿತ್ತು.

“ಯಾರೇ ಈಗ ಆಚೆ ಹೋದದ್ದು?” ಅತ್ತೆ ಪಕ್ಕದ ಕೋಣೆಯಿಂದ ಕೂಗಿದರು.

“ಯಾರೂ ಇಲ್ಲ ಅತ್ತೆ. ಪುಡಿಯವರು ಇಲ್ಲೇ ಇದ್ದಾರೆ.”

“ಅವನಲ್ಲ ಕಣೇ. ನನ್ನ ಮಗ ಎಡಗಾಲು ಎಳೆಯೋ ಸದ್ದು ನನಗೆ ಗೊತ್ತಾಗಲ್ವಾ?” ಅತ್ತೆ ಕತ್ತರಿ ಕೆಳಗಿಟ್ಟ ಸದ್ದಾಯಿತು. “ಬಾಗಿಲು ಹಾಕ್ಕೊಂಡು ಹೋದ. ಬದುಕಿದ್ದಾಗ ಒಂದು ದಿನವೂ ಹಾಕಿರಲಿಲ್ಲ, ನೀನು ಎಷ್ಟು ಬೈದರೂ.”

ಅವಳು ಹೋಗಿ ನೋಡಿದಳು. ಬಾಗಿಲು ಹಾಕಿತ್ತು. ಒಳಗಿನ ಚಿಲಕ ತೆಗೆದಿತ್ತು.

ಎಷ್ಟೋ ಹೊತ್ತಾದ ಮೇಲೆ ಒಳಗೆ ಬಂದು, ತೊಟ್ಟಿಯ ಬುಡದ ಬಿರಡೆಯನ್ನು ತಾನೇ ಎಳೆದಳು. ಹದಿಮೂರು ವರ್ಷದ ನೀರು ಗೊಳಗೊಳ ಅಂತ ಇಳಿಯಿತು.

“ಆ ಪೊಟ್ಟಣ ಒಡೀರಿ,” ಅಂದಳು. ಅವನು ಕೈ ಹಾಕುವಷ್ಟರಲ್ಲಿ ಆ ಬಿರಿದ ಬೆರಳುಗಳನ್ನು ಹಿಡಿದುಕೊಂಡಳು. “ಬೇಡ, ಕೊಡಿ. ನಾನು ಕಲಸ್ತೀನಿ.”

ಹೊಸ ನೀರಿನ ಮೊದಲ ರೋಲಿಗೆ ಅತ್ತೆಯನ್ನು ಕೂರಿಸಿದರು. ಅತ್ತೆ ಪ್ರಿಂಟನ್ನು ಕಿಟಕಿಗೆ ಹಿಡಿದು, ಎಲ್ಲ ಮೊದಲೇ ಗೊತ್ತಿದ್ದವರ ಹಾಗೆ, ಅದರಲ್ಲಿ ತಮ್ಮ ಬೆನ್ನ ಹಿಂದೆ ಬಹಳ ಹೊತ್ತು ಹುಡುಕಿದರು. ಪರದೆಯ ಮಡಿಕೆಯಿತ್ತು. ಬರೀ ಮಡಿಕೆ.