ಭಾಷಣದ ನಡುವೆ ಕೂಗಿದ ಹಡಗು

"ನಿಮ್ಮ ಹಡಗಿನ ಬಾಯಿ ಮುಚ್ಚಿಸ್ತೀರೋ ಇಲ್ವೋ?!"

ಪೈಲಟ್‌ಗಳ ಕೋಣೆಯ ಬಾಗಿಲನ್ನು ದಡಾರನೆ ತಳ್ಳಿ ಅವಳು ನಿಂತಿದ್ದಳು. ಒಳಗೆ ಟೀ ಕುಡಿಯುತ್ತಿದ್ದವನು ಬೆಚ್ಚಿ ನಾಲಿಗೆ ಸುಟ್ಟುಕೊಂಡ.

ದೊಡ್ಡ ಹಡಗುಗಳನ್ನು ಸಮುದ್ರದಿಂದ ಬಂದರಿನೊಳಕ್ಕೆ ನಡೆಸಿ ತರುವ ಪೈಲಟ್ ಅವನು. ಅವಳೋ ಹಡಗು ನಿಲ್ಲುವ ಧಕ್ಕೆಯ ಪಕ್ಕದ ಸಭಾಭವನದ ಮ್ಯಾನೇಜರ್. ಹಾಸಿಗೆ ತಯಾರಕರ ಮಹಾಸಮ್ಮೇಳನ ಅವಳ ಕೈಗೆ ಬಂದ ಮೊದಲ ದೊಡ್ಡ ಕೆಲಸ. ಮೈಕ್ ಪರೀಕ್ಷೆ ಮಾಡುವಾಗಲೇ ಹಡಗು 'ಭೋಂ...' ಎಂದು ಕೂಗಿ ಅವಳ ಎದೆ ನಡುಗಿಸಿತ್ತು!

"ಹಡಗಿನ ಬಾಯಿ ಮುಚ್ಚಿಸೋದು ಕಷ್ಟ ಮೇಡಂ," ಅವನು ನಕ್ಕ. "ಕೆಲವರದ್ದೂ ಅಷ್ಟೇ."

ಅಬ್ಬಾ, ಎಂಥ ಕೊಬ್ಬು! ಎಂದುಕೊಂಡಳು. ಆದರೆ ಆ ನಗು ಮನೆಯವರೆಗೂ ಬೆನ್ನು ಬಿಡಲಿಲ್ಲ, ನೋಡಿ.

ಮರುದಿನ ಅವನೇ ಬಂದ. ಯಾವ ಭಾಷಣ ಯಾವಾಗ ಎಂದು ಕೇಳಿಕೊಂಡು, ಟೀ ವಿರಾಮದಲ್ಲೇ ಹಡಗು ತರುತ್ತೇನೆಂದ. ಅಷ್ಟಕ್ಕೆ ಒಂದು ಸಲ ಮಾತಾಡಿದರೆ ಸಾಕಿತ್ತು. ಇವರು ದಿನಾ ಸಂಜೆ ಧಕ್ಕೆಯ ಮೆಟ್ಟಿಲ ಮೇಲೆ ಕೂತು ಮಾತಾಡಿದರು!

"ಟೀ ವಿರಾಮದ ವಿಷಯ ಇಷ್ಟೊಂದು ಇರುತ್ತೇನೇ?" ಸಭಾಭವನದ ಕ್ಯಾಂಟೀನ್ ನಡೆಸುವ ಚಿಕ್ಕಮ್ಮ ಕೆಣಕಿದಳು. ಇವಳ ಕೆನ್ನೆ ಕೆಂಪಾಯಿತು.

ಸಮ್ಮೇಳನದ ಹಿಂದಿನ ಸಂಜೆ ಅವನು ಹೇಳಿದ: "ನಿಮ್ಮ ಅಧ್ಯಕ್ಷರು ಮಾತಾಡುವಾಗ ನನ್ನ ಹಡಗು ಬಂದ್ರೂ ಬೆಕ್ಕಿನ ಹಾಗೆ ಬರುತ್ತೆ. ಮಾತು ಕೊಟ್ಟಿದ್ದೀನಿ."

ಮಾರನೆಯ ದಿನ ಅಧ್ಯಕ್ಷರ ಭಾಷಣ ಟೀ ವಿರಾಮವನ್ನೂ ನುಂಗಿ ಮುಂದೆ ಸಾಗಿತ್ತು. "ನೆಮ್ಮದಿಯ ನಿದ್ದೆ ಅಂದ್ರೆ..." ಎನ್ನುವಷ್ಟರಲ್ಲಿ...

ಭೋಂ! ಭೋಂ! ಭೋಂ!

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅವಳಿಗೆ ಮಾತ್ರ ಅಳು ಉಕ್ಕಿ ಬಂತು.

'ಬೇರೆ ಯಾರಾದರೂ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ... ಇವನಾ? ನನ್ನ ಕೆಲಸ ಇವನಿಗೆ ತಮಾಷೆಯಾ?'

ಭಾಷಣ ಮುಗಿದದ್ದೇ ಅವನಿಗೆ "ಇನ್ಮೇಲೆ ನನಗೆ ಮುಖ ತೋರಿಸಬೇಡಿ" ಎಂದು ಮೆಸೇಜ್ ಕಳಿಸಿ, ಫೋನ್ ಆಫ್ ಮಾಡಿ, ಕ್ಯಾಂಟೀನಿನ ಮೂಲೆ ಹಿಡಿದಳು.

"ಮುಖ ಊದಿಸ್ಕೊಂಡು ಕೂತ್ಕೋ ನೀನು!" ಚಿಕ್ಕಮ್ಮ ಓಡೋಡಿ ಬಂದಳು. "ಆ ಹುಡುಗ ಎರಡು ಜೀವ ಉಳಿಸಿದ್ದಾನೆ ಕಣೇ! ಮೀನುಗಾರರಿಬ್ಬರು ಬೆನ್ನು ಹಾಕಿ ಬಲೆ ಎಳೀತಿದ್ರಂತೆ, ದೋಣಿ ಸೀದಾ ಹಡಗಿನ ದಾರೀಲಿ. ಹಾರ್ನ್ ಕೇಳಿ ಪಕ್ಕಕ್ಕೆ ಸರಿದ್ರಂತೆ. ಇಲ್ದಿದ್ರೆ..."

ಮುಂದಿನ ಮಾತು ಕೇಳಲು ಅವಳು ಅಲ್ಲಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಧಕ್ಕೆಗೆ ಓಡಿದ್ದಳು!

ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.

"ನಂಗೆ ಯಾಕೆ ಹೇಳ್ಲಿಲ್ಲ?" ಏದುಸಿರು ಬಿಡುತ್ತ ಕೇಳಿದಳು.

"ಫೋನ್ ಆಫ್ ಇತ್ತಲ್ಲ..." ಅವನು ತಲೆ ತಗ್ಗಿಸಿದ. "ಮಾತು ತಪ್ಪಿದೆ. ಕ್ಷಮಿಸಿ. ಆದ್ರೆ ನಾಳೆ ಅಂಥದ್ದೇ ಆದ್ರೆ ಮತ್ತೆ ತಪ್ತೀನಿ."

"ತಪ್ಪಲೇಬೇಕು!" ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಏನೂ ಕೇಳ್ದೆ ಬೈದುಬಿಟ್ಟೆ. ಸಾರಿ ಕಣ್ರೀ..."

"ಅಧ್ಯಕ್ಷರು ಏನಂದ್ರು?"

"ತೂಕಡಿಸ್ತಿದ್ದ ಹಿಂದಿನ ಸಾಲಿನವರೆಲ್ಲ ಎದ್ರು ಅಂತ ಖುಷಿಯಾಗಿದ್ದಾರೆ! ಮುಂದಿನ ವರ್ಷಾನೂ ಇಲ್ಲೇ ಅಂತೆ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಅವಳು ಮೆಲ್ಲಗೆ ಅಂದಳು:

"ನಾಳೆ ಸಮ್ಮೇಳನ ಮುಗಿಯುತ್ತೆ. ಆಮೇಲೆ ಈ ಮೆಟ್ಟಿಲಿಗೆ ಬರೋಕೆ ನಂಗೆ ನೆಪಾನೇ ಇರಲ್ಲ..."

"ನೆಪ ಯಾಕ್ರೀ? ನಂಗೆ ನೀವಂದ್ರೆ ಪ್ರಾಣ. ಸುಮ್ನೆ ಬನ್ನಿ."

"ದಿನಾನಾ?"

"ದಿನಾ."

"ದಿನಾ ಬಂದು ಹೋಗೋದು ಕಷ್ಟ ಅಲ್ವಾ...?"

ಅವನು ಅವಳ ಕೈ ಹಿಡಿದುಕೊಂಡ.

"ಹಾಗಾದ್ರೆ ಹೋಗ್ಬೇಡಿ."