ಪ್ರೇರಣಾ ಮೇಡಂ ಕಲಿಸಿದ ವರ್ಷಗಳು

"ಬಿಡಿ ನನ್ನ ಕೈ!"

ಪ್ರೇರಣಾ ಕಿರುಚಿದಳು. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆಯ ಕೆಂಪು ನೀರು ಆಗಲೇ ಹರಿಯತೊಡಗಿತ್ತು. ಹಿಂದಿನಿಂದ ಓಡಿಬಂದ ಅಪರಿಚಿತ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದ.

"ಹೋಗ್ಬೇಡಿ... ಈ ನೀರನ್ನ ನಂಬೋಕಾಗಲ್ಲ."

"ನಂಗೆ ಕಳಸಕ್ಕೆ ಹೋಗ್ಲೇಬೇಕು ಮಾರಾಯ್ರೆ!"

ಅಷ್ಟರಲ್ಲಿ ಜೀಪೊಂದು ಅವರ ಪಕ್ಕದಲ್ಲೇ ನುಗ್ಗಿ ಸಲೀಸಾಗಿ ಆಚೆ ದಡ ಸೇರಿತು. ಅವಳು ಅವನನ್ನು ದುರುಗುಟ್ಟಿ ನೋಡಿದಳು. ಅವನು ಕೈ ಬಿಡುವ ಹೊತ್ತಿಗೆ ಸೇತುವೆಯೇ ಕಾಣುತ್ತಿರಲಿಲ್ಲ.

ಕುದುರೆಮುಖದ ಕಬ್ಬಿಣದ ಗಣಿ ನಿಂತ ಮೇಲಿನ ಮೊದಲ ಮಳೆಗಾಲವದು. ಹೊಳೆಯ ಈಚೆ ದಡದ ಖಾಸಗಿ ಪ್ರೌಢಶಾಲೆಯಲ್ಲಿ ಪ್ರೇರಣಾ ಆರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದಳು. ಆದರೆ ಬಿ.ಎಡ್. ಇರಲಿಲ್ಲ. ತರಬೇತಿ ಇಲ್ಲದವರನ್ನು ಇನ್ನು ಉಳಿಸಿಕೊಳ್ಳುವುದಿಲ್ಲ ಎಂಬ ಮಾತು ಹಬ್ಬಿತ್ತು. ಉಳಿದದ್ದು ಒಂದೇ ದಾರಿ... ಕೆಲಸದಲ್ಲಿರುವ ಶಿಕ್ಷಕರಿಗೆಂದೇ ಇರುವ ದೂರಶಿಕ್ಷಣದ ಬಿ.ಎಡ್. ಅರ್ಜಿಯ ಜೊತೆಗೆ ಸೇವಾ ಪ್ರಮಾಣಪತ್ರ ಬೇಕು. ಅದಕ್ಕೆ ಶಾಲೆಯ ಕಾರ್ಯದರ್ಶಿ ಷಡಕ್ಷರಿಯ ಸಹಿ ಪಡೆಯಲೆಂದೇ ಅವಳು ಆ ದಿನ ಕಳಸಕ್ಕೆ ಹೊರಟಿದ್ದಳು.

ಮರುದಿನ ನೀರು ಇಳಿಯಿತು. ಷಡಕ್ಷರಿಯೇ ಶಾಲೆಗೆ ಬಂದರು. ಅವರ ಪಕ್ಕದಲ್ಲಿದ್ದವನನ್ನು ಕಂಡು ಪ್ರೇರಣಾ ಎದ್ದು ನಿಂತಳು.

ಅವನೇ!

"ಇವ್ರು ಅಭಿರಾಮ. ಕುದುರೆಮುಖದಲ್ಲಿ ಅದಿರು ಪರೀಕ್ಷೆ ಲ್ಯಾಬಲ್ಲಿದ್ರು. ಇನ್ಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು."

"ಮತ್ತೆ... ನಾನು?"

ಷಡಕ್ಷರಿ ಮೃದುವಾಗಿ ನಕ್ಕರು. "ನೀನು ಇವತ್ತಲ್ಲ ನಾಳೆ ಮದುವೆಯಾಗಿ ಹೋಗೋಳು ಮಗಾ. ಗಂಡಸಾದ್ರೆ ನಿಲ್ತಾನೆ."

ಹಾಗಾದರೆ ನಿನ್ನೆ ತನ್ನನ್ನು ತಡೆದಿದ್ದು ಇದಕ್ಕೇನಾ? ಅವಳ ಕಣ್ಣು ಉರಿಯಿತು. ಅಭಿರಾಮ ಏನೋ ಹೇಳಲು ಬಂದ. ಅವಳು ಮುಖ ತಿರುಗಿಸಿದಳು.

ಸಹಿ ಸಿಗಲಿಲ್ಲ. 'ನಾಳೆ ನೋಡೋಣ' ಎನ್ನುತ್ತಲೇ ಷಡಕ್ಷರಿ ದಿನ ದೂಡಿದರು. ಕೊನೆಯ ದಿನಾಂಕ ಹತ್ತಿರವಾಯಿತು. ಒಂದು ಮಧ್ಯಾಹ್ನ ಆಫೀಸ್ ಕೋಣೆಯ ಬಾಗಿಲ ಬಳಿ ಅವಳ ಕಾಲು ನಿಂತಿತು. ಒಳಗೆ ಷಡಕ್ಷರಿ ಅಭಿರಾಮನಿಗೆ ಹೇಳುತ್ತಿದ್ದರು.

"ಅವಳು ಪಾಠ ಮಾಡಿದ ವರ್ಷಗಳನ್ನೆಲ್ಲ ನಿಮ್ಮ ಹೆಸರಿಗೆ ಬರೆಸಿಬಿಡ್ತೀನಿ. ಅರ್ಜಿ ನೀವು ಹಾಕಿ. ಕೇಳೋರು ಯಾರು?"

ಅಭಿರಾಮನ ಉತ್ತರಕ್ಕೆ ಅವಳು ಕಿವಿಗೊಟ್ಟಳು. ಅವನು ಬೇಡ ಎನ್ನಲಿಲ್ಲ... ಏನೂ ಹೇಳಲಿಲ್ಲ!

ಹೊರಬಂದ ಷಡಕ್ಷರಿ ಅವಳನ್ನು ಕಂಡು ಒಂದು ಕ್ಷಣ ನಿಂತರು.

"ಒಬ್ಬಳೇ ಹೊಳೆ ದಾಟಿ ಓಡಾಡ್ತೀಯ. ಬಾಯಿ ಮೇಲೆ ಹಿಡಿತ ಇರ್ಲಿ."

ಅವಳು ಬೇಗಬೇಗ ತರಗತಿಗೆ ನಡೆದಳು.

ಆದರೂ ಮರುದಿನ ಬೆಳಿಗ್ಗೆ ಅವಳು ಮೂಡಿಗೆರೆಯ ಬಸ್ಸು ಹತ್ತಿದಳು. ಶಿಕ್ಷಣಾಧಿಕಾರಿಯ ಎದುರೇ ಎಲ್ಲ ಹೇಳಿಬಿಡಬೇಕು! ಕೊಟ್ಟಿಗೆಹಾರದ ಮಂಜಿನಲ್ಲಿ ತಿರುಗಿ ನೋಡಿದಳು. ಹಿಂದೆ ಒಂದು ಬಿಳಿ ಜೀಪು. ಬಸ್ಸು ನಿಂತರೆ ಅದೂ ನಿಲ್ಲುತ್ತಿತ್ತು. ಷಡಕ್ಷರಿಯ ಜೀಪು...

ಕಚೇರಿಯ ಬಾಗಿಲು ತಳ್ಳಿದವಳು ಅಲ್ಲೇ ಕಲ್ಲಾದಳು. ಒಳಗೆ ಅಭಿರಾಮ! ಜೊತೆಗೆ ಮುಖ್ಯೋಪಾಧ್ಯಾಯಿನಿ ಅಂಬುಜಾ ಮೇಡಂ.

'ಮುಗೀತು... ನನ್ನ ವರ್ಷಗಳು ಅವನ ಪಾಲಾದವು.'

"ಸರ್, ಆ ಶಾಲೇಲಿ ಆರು ವರ್ಷ ಪಾಠ ಮಾಡಿದ್ದು ಪ್ರೇರಣಾ ಅವ್ರು," ಅಭಿರಾಮ ಅಧಿಕಾರಿಗೆ ಹೇಳುತ್ತಿದ್ದ. "ನಾನು ಸೇರಿ ವಾರವೂ ಆಗಿಲ್ಲ. ಅವರ ಸರ್ವೀಸ್ ನನ್ನ ಹೆಸರಿಗೆ ಬಂದ್ರೆ ಅದು ಸುಳ್ಳು."

ಅಂಬುಜಾ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೌದು ಸರ್. ನಾನೇ ಸಾಕ್ಷಿ. ಇಷ್ಟು ದಿನ ಹೆದರಿ ಸುಮ್ನಿದ್ದೆ."

ಪ್ರೇರಣಾಳ ಸೇವಾ ಪ್ರಮಾಣಪತ್ರಕ್ಕೆ ಕಾರ್ಯದರ್ಶಿಯ ಬದಲು ಅಂಬುಜಾ ಅಲ್ಲೇ ಸಹಿ ಹಾಕಿದರು, ಅಧಿಕಾರಿ ಮೊಹರು ಒತ್ತಿದರು. ಹೊರಗೆ ಜೀಪಿನ ಎಂಜಿನ್ ಗುರುಗುಟ್ಟುತ್ತಲೇ ಇತ್ತು.

"ನಾಳೆಯಿಂದ ನೀವ್ಯಾರೂ ನನ್ನ ಶಾಲೆಗೆ ಕಾಲಿಡ್ಬೇಡಿ!" ಷಡಕ್ಷರಿ ಸೀಟಿನಿಂದಲೇ ಕೂಗಿದರು.

ಅಧಿಕಾರಿ ಜಗಲಿಗೆ ಬಂದರು. "ವಿಚಾರಣೆ ಮುಗಿಯೋವರೆಗೆ ಯಾರನ್ನೂ ತೆಗೆಯೋ ಹಾಗಿಲ್ಲ, ಷಡಕ್ಷರಿಯವ್ರೇ."

ಜೀಪು ಹೋಯಿತು. ಪ್ರೇರಣಾ ತಿರುಗುವಷ್ಟರಲ್ಲಿ ಅಭಿರಾಮನೂ ಇರಲಿಲ್ಲ. ಅವನು ಮತ್ತೆ ಶಾಲೆಗೂ ಬರಲಿಲ್ಲ.

ಪ್ರವೇಶ ಪರೀಕ್ಷೆ ಬರೆದಳು. ಸೀಟು ಸಿಕ್ಕಿತು. ಆದರೂ ಸಂತೋಷ ಎದೆಗಿಳಿಯಲಿಲ್ಲ. ಒಂದು ಭಾನುವಾರ ಅವಳು ಅವನನ್ನು ಹುಡುಕಿಕೊಂಡು ಕುದುರೆಮುಖಕ್ಕೇ ಹೋದಳು.

ಟೌನ್‌ಶಿಪ್ಪಿನ ಬೀದಿಗಳಲ್ಲಿ ಜನವಿರಲಿಲ್ಲ. ಕ್ವಾರ್ಟರ್ಸಿನ ಕಿಟಕಿಗಳೊಳಗೆ ಬಳ್ಳಿ ನುಗ್ಗಿತ್ತು. ಎಲ್ಲೋ ಒಂದು ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಇವನೂ ಹೊರಟುಹೋಗಿದ್ದರೆ? ಅವಳು ಓಡುನಡಿಗೆಯಲ್ಲಿ ಸಾಗಿದಳು.

ಕೊನೆಯ ಸಾಲಿನ ಮನೆಯೆದುರು ಅವನು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ.

"ಯಾಕೆ ಆ ದಿನ ಸುಮ್ನಿದ್ರಿ? ಅವರ ಮುಖಕ್ಕೇ ಬೇಡ ಅನ್ಬಹುದಿತ್ತಲ್ಲ!"

"ಅಂದಿದ್ರೆ ಅವತ್ತೇ ನಿಮ್ಮ ಹೆಸರು ಎಲ್ಲಾ ಕಡೆ ಅಳಿಸಿಬಿಡ್ತಿದ್ರು. ಮೊದಲು ಅಂಬುಜಾ ಮೇಡಂನ ಒಪ್ಪಿಸ್ಬೇಕಿತ್ತು."

"ಸೇತುವೆ ಹತ್ರ?"

ಅವನ ಮುಖ ಕಪ್ಪಿಟ್ಟಿತು. "ನನ್ನ ಗೆಳೆಯನ್ನ ಅಂಥದೇ ನೀರು ಎಳ್ಕೊಂಡು ಹೋಯ್ತು. ನಾನು ಕೈ ಚಾಚಿದ್ದೆ, ಪ್ರೇರಣಾ... ಸಿಗ್ಲಿಲ್ಲ."

ಅವಳ ಕೋಪವೆಲ್ಲ ಕಣ್ಣೀರಾಯಿತು. "ಈಗ ಎಲ್ಲಿಗೆ?"

"ಚಿಕ್ಕಮಗಳೂರಿಗೆ. ನಾನೂ ಬಿ.ಎಡ್. ಮಾಡ್ತೀನಿ, ಕಾಲೇಜಿಗೆ ಹೋಗಿ. ಆದ್ರೆ ನಾಲ್ಕು ಜನರ ಮುಂದೆ ನಿಂತ್ರೆ ನಂಗೆ ಮಾತೇ ಹೊರಡಲ್ಲ."

"ನನ್ನ ಮುಂದೆ ಅಭ್ಯಾಸ ಮಾಡಿ. ಏನಾದ್ರೂ ಹೇಳಿ."

ಅವನು ತಲೆ ತಗ್ಗಿಸಿ ಪಿಸುಗುಟ್ಟಿದ, "ನನ್ನ... ಮದುವೆ ಆಗ್ತೀರಾ?"

ಅಳುವಿನ ನಡುವೆಯೇ ನಗು ಬಂತು.

"ಹೀಗೆ ಹೇಳಿದ್ರೆ ಹಿಂದಿನ ಬೆಂಚಿಗೆ ಕೇಳಲ್ಲ ಮೇಷ್ಟ್ರೇ."

ಅವನು ತಲೆಯೆತ್ತಿದ. "ಪ್ರೇರಣಾ! ನನ್ನ ಮದುವೆ ಆಗ್ತೀರಾ?"

ಖಾಲಿ ಮನೆಗಳ ಸಾಲೆಲ್ಲ ಆ ಪ್ರಶ್ನೆಯನ್ನು ಮತ್ತೆ ಕೇಳಿತು.

"ಆಗ್ತೀನಿ," ಅಂದಳು ಅವಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.